ಯಲ್ದೂರಿನ ಮೌನಿಕಾಳಿಗೆ ಒಂದು ರೇಡಿಯೇಟರ್ ಬೇಕಿತ್ತು

ಯಲ್ದೂರಿನ ರಾಮಚಂದ್ರಪ್ಪನ ಮನೆಯಲ್ಲಿ ಯಾರೂ ಯಾವುದನ್ನೂ ಸುಲಭಕ್ಕೆ ಮೆಚ್ಚಿಕೊಂಡವರಲ್ಲ. ಪಕ್ಕದ ತೋಟದವರು ಪ್ರೀತಿಯಿಂದ ಕಳಿಸಿದ ಬಾದಾಮಿ ಮಾವನ್ನು ಒಂದು ಕಚ್ಚು ಕಚ್ಚಿ, "ಪರ್ವಾಗಿಲ್ಲ, ದನ ತಿಂತದೆ" ಎನ್ನುವ ಮನುಷ್ಯ ಆತ. ಈ ಮೂಗು ಮುರಿಯುವ ಗುಣ ಮಗಳು ಮೌನಿಕಾಳಿಗೆ ಹುಟ್ಟಿನಿಂದಲೇ ಬಂದಿತ್ತು. ಅಪ್ಪನ ಪಿಕಪ್ಪಿನಲ್ಲಿ ಮಾವಿನಕಾಯಿ ತುಂಬಿಕೊಂಡು ಶ್ರೀನಿವಾಸಪುರದ ಮಂಡಿಗೆ ಹೋಗುತ್ತ ಗಾಡಿ ಓಡಿಸಲು ಕಲಿತವಳು, ದಾರಿಯಲ್ಲಿ ಸಿಗುವ ಪ್ರತಿ ಡ್ರೈವರನನ್ನೂ ಮನಸ್ಸಿನಲ್ಲೇ ಬೈಯುವುದನ್ನೂ ಅಲ್ಲೇ ಕಲಿತಳು.

ಡಿಪ್ಲೊಮಾ ಮುಗಿಸಿ ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕೋಲಾರದ ಡಾಕ್ಟರೊಬ್ಬರಿಂದ ಹಳೆಯ ಪುಟ್ಟ ಟರ್ಬೊ ಕಾರು ಕೊಂಡಳು. ಡಾಕ್ಟರು ಅದನ್ನು ಮನೆ, ಕ್ಲಿನಿಕ್ಕು ಎಂದು ಓಡಿಸಿ ಅಕಾಲಕ್ಕೆ ಮುದಿ ಮಾಡಿಟ್ಟಿದ್ದರು. ಮೌನಿಕಾ ಬೆಂಗಳೂರಿಗೆ ಒಯ್ದು ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ, ಟರ್ಬೊದ ಒತ್ತಡ ಏರಿಸಿ ತಂದಳು. ಹೊರಗಿನಿಂದ ನೋಡಿದರೆ ಅದೇ ಮಾಸಲು ಬಿಳಿ ಕಾರು. ಆಕ್ಸಿಲರೇಟರಿನ ಮೇಲೆ ಕಾಲಿಟ್ಟರೆ ಮಾತ್ರ ಕಟ್ಟು ಬಿಚ್ಚಿದ ಹೋರಿ.

ಕಾರ್ಖಾನೆಯಲ್ಲೇ ಅಮರನಾಥ್ ಎಂಬ ಇನ್ನೊಬ್ಬ ಕಾರಿನ ಹುಚ್ಚನಿದ್ದ. ಅವನ ಕಾರಿನ ಹಿಂಬದಿಗೆ ಮಂಚದ ಹಲಗೆಯಂಥ ರೆಕ್ಕೆ. ಮೈತುಂಬ ಬಿಡಿಭಾಗದ ಕಂಪನಿಗಳ ಸ್ಟಿಕ್ಕರು, ಆ ಕಂಪನಿಗಳ ಒಂದು ನಟ್ಟೂ ಒಳಗಿರಲಿಲ್ಲ. ಮಾಲೂರಿನ ಹತ್ತಿರ ಯಾರೂ ಮನೆ ಕಟ್ಟದೆ ಬಿಟ್ಟಿದ್ದ ಒಂದು ಲೇಔಟಿನಲ್ಲಿ ಆಗಾಗ ಭಾನುವಾರ ರಸ್ತೆಗಿಡುವ ಪ್ಲಾಸ್ಟಿಕ್ ಕೋನುಗಳನ್ನಿಟ್ಟು, ಒಬ್ಬೊಬ್ಬರಾಗಿ ಓಡಿಸಿ ಟೈಮ್ ನೋಡುವ ಗುಂಪಿಗೆ ಅವನೇ ಮುಖಂಡ. ಎಲ್ಲರನ್ನೂ "ಬಾಸ್" ಎನ್ನುತ್ತಿದ್ದ, ಮೌನಿಕಾಳನ್ನು ಮಾತ್ರ "ಮೇಡಂ" ಎನ್ನುತ್ತಿದ್ದ. ಆ 'ಮೇಡಂ'ನಲ್ಲಿ ಗೌರವ ಎಷ್ಟಿದೆ ಎಂಬುದು ಅವಳಿಗೆ ಗೊತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಮುಳಬಾಗಿಲಿನ ಆಚೆ ಹೆದ್ದಾರಿಯಲ್ಲಿ ಅವಳ ಕಾರಿನ ಬಾನೆಟ್ಟಿನಿಂದ ಹಬೆ ಎದ್ದಿತು. ಪಕ್ಕಕ್ಕೆ ನಿಲ್ಲಿಸಿ, ಆರಿದ ಮೇಲೆ ಎತ್ತಿ ನೋಡಿದಳು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಉದ್ದಕ್ಕೆ ಬಿರುಕು ಬಿಟ್ಟಿತ್ತು. ಡಾಕ್ಟರ ಕಾಲದ ಪ್ಲಾಸ್ಟಿಕ್ಕು ಏರಿಸಿದ ಟರ್ಬೊದ ಬಿಸಿ ತಾಳುತ್ತದೆಂದು ನಂಬಿಕೊಂಡ ತನ್ನ ಬುದ್ಧಿಗೂ ಒಂದಿಷ್ಟು ಬೈದುಕೊಂಡಳು.

ಕೋಲಾರದಲ್ಲಿ ಚನ್ನರಾಯಪ್ಪನ ಬಿಡಿಭಾಗದ ಅಂಗಡಿಗೆ ಹೋದಾಗ ಅಮರನಾಥ್ ಅಲ್ಲೇ ಟೀ ಕುಡಿಯುತ್ತ ಕೂತಿದ್ದ. ಬೇಕಾದ್ದನ್ನು ಕೇಳಿದವಳು ಮೌನಿಕಾ. ಚನ್ನರಾಯಪ್ಪ ಉತ್ತರ ಕೊಟ್ಟದ್ದು ಅಮರನಾಥನಿಗೆ.

"ಯಾವ್ದು ಕೊಡೋಣ ಅಣ್ಣಾ ಮೇಡಂಗೆ? ಕಂಪನೀದಾ, ಇಲ್ಲ ಈ ಅಲ್ಯೂಮಿನಿಯಂದಾ?" ಎನ್ನುತ್ತ ಅವನು ಗಲ್ಲಾದ ಹಿಂದಿನಿಂದ ಒಂದು ರೇಡಿಯೇಟರನ್ನು ಎತ್ತಿ ಮೇಜಿನ ಮೇಲಿಟ್ಟ. ಮದುವೆಮನೆಯ ಹೊಸ ಪಾತ್ರೆಯಂತೆ ಥಳಥಳ ಹೊಳೆಯುತ್ತಿತ್ತು. ದಪ್ಪವೋ, ಹಳೆಯದರ ಎರಡರಷ್ಟು.

ಅಮರನಾಥ್ ನಕ್ಕ. "ಅಯ್ಯೋ, ಅದೆಲ್ಲ ಸೀರಿಯಸ್ಸಾಗಿ ಓಡ್ಸೋರಿಗೆ. ಮೇಡಂ ಫ್ಯಾಕ್ಟರಿಗೆ ಹೋಗಿ ಬರೋಕೆ ಕಂಪನೀದೇ ಸಾಕು ಬಿಡಿ."

ಅಲ್ಲಿಯವರೆಗೆ ಮೌನಿಕಾಳ ತಲೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅಷ್ಟು ದಪ್ಪ ಇಟ್ಟರೆ ಫ್ಯಾನಿಗೆ ಜಾಗವೆಲ್ಲಿ ಎಂದು ಕೇಳಬೇಕೆಂದು ಬಾಯಿ ತೆರೆದಿದ್ದಳು. ಆ ನಗು ಕೇಳಿದ ಮೇಲೆ ತೆರೆದ ಬಾಯಿಂದ ಬಂದ ಮಾತೇ ಬೇರೆ.

"ಅದನ್ನೇ ಪ್ಯಾಕ್ ಮಾಡಿ. ಸ್ಟಿಕ್ಕರ್ ಬಂದಿದ್ರೆ ಇವ್ರಿಗೆ ಕೊಡಿ, ಕಾರಲ್ಲಿ ಇನ್ನೂ ಒಂಚೂರು ಜಾಗ ಖಾಲಿ ಇದೆ."

ಚನ್ನರಾಯಪ್ಪ ನಗು ತಡೆಯಲು ಕೆಮ್ಮಿದ. ಅಮರನಾಥನ ಮುಖ ಕೆಂಪಾಯಿತು. ಮೌನಿಕಾ ಗೆದ್ದವಳಂತೆ ಹೊರಬಂದಳು.

ಆ ಗೆಲುವು ತೋಟದ ಮನೆಯ ಅಂಗಳದಲ್ಲಿ ಮುಗಿಯಿತು. ದಪ್ಪ ರೇಡಿಯೇಟರ್ ಕೂರಿಸಿದ ಮೇಲೆ ಹಳೆಯ ಫ್ಯಾನು ಎಂಜಿನ್ನಿಗೆ ತಗುಲುತ್ತಿತ್ತು. ಫ್ಯಾನನ್ನೂ ಅದರ ಸುತ್ತಲಿನ ಅಗಲವಾದ ಪ್ಲಾಸ್ಟಿಕ್ ಕವರನ್ನೂ ಕಿತ್ತೆಸೆದು, ತೆಳ್ಳನೆಯ ಒಂದು ಫ್ಯಾನು ತಂದು ಹೇಗೋ ತುರುಕಿದಳು. ರಾಮಚಂದ್ರಪ್ಪ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡಿ, "ಇಷ್ಟು ದಪ್ಪ ಕಂಬಳಿ ಹೊದಿಸ್ತಾ ಇದೀಯಲ್ಲಾ, ಕಾರಿಗೆ ಚಳಿಜ್ವರವಾ?" ಎಂದ.

ಹೆದ್ದಾರಿಯಲ್ಲಿ ಕಾರು ತಣ್ಣಗೆ ಓಡಿತು. ಮೌನಿಕಾ ಮೂಗು ಮೇಲೆತ್ತಿಕೊಂಡು ಅಪ್ಪನನ್ನು ಮಂಡಿಗೆ ಕರೆದುಕೊಂಡು ಹೊರಟಳು. ಶ್ರೀನಿವಾಸಪುರದಲ್ಲಿ ಸುಗ್ಗಿಯ ಕಾಲ. ಮಾವಿನಕಾಯಿಯ ಟ್ರ್ಯಾಕ್ಟರುಗಳ ನಡುವೆ ಕಾರು ಸಿಕ್ಕಿಕೊಂಡಿತು. ಆಮೆಯಂತೆ ತೆವಳುತ್ತಿದ್ದ ಹಾಗೇ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು.

"ಏಮ್ಮಾ," ಎಂದ ಅಪ್ಪ ತನ್ನ ತೆಲುಗು ಎಳೆತದಲ್ಲಿ, "ಮುದ್ದೆಗೆ ಎಸರಿಟ್ಟಿದೀಯಾ? ಹಿಟ್ಟು ತರ್ಲಾ?"

ಮೌನಿಕಾ ಕಾರನ್ನು ಒಂದು ಮಂಡಿಯ ಅಂಗಳಕ್ಕೆ ತಿರುಗಿಸಿ, ಮುಳ್ಳು ಕೆಂಪು ಮುಟ್ಟುವ ಮೊದಲೇ ಎಂಜಿನ್ ಆರಿಸಿದಳು. ಕಾಯಿ ವಿಂಗಡಿಸುತ್ತಿದ್ದ ಹೆಂಗಸರು ನೋಡಿ ನಕ್ಕರು. ಓಡುವಾಗ ತಣ್ಣಗಿದ್ದು ನಿಂತಾಗ ಕುದಿಯುವುದೆಂದರೆ ತೊಂದರೆ ನೀರಿನದಲ್ಲ, ಗಾಳಿಯದು. ಆರಿದ ಮೇಲೆ ಫ್ಯಾನು ಓಡಿಸಿ, ರೇಡಿಯೇಟರಿನ ಮುಂದೆ ಹಳೆಯ ಪೇಪರಿನ ಒಂದು ಹಾಳೆ ಹಿಡಿದಳು. ನಡುವೆ ಫ್ಯಾನಿದ್ದ ಕಡೆ ಮಾತ್ರ ಹಾಳೆ ಮೆಲ್ಲಗೆ ಅಂಟಿತು. ಮೂಲೆಗಳಲ್ಲಿ ಹಿಡಿದರೆ ಅಲುಗಲೇ ಇಲ್ಲ. ಇಡೀ ರೇಡಿಯೇಟರಿನಿಂದ ಗಾಳಿ ಎಳೆಯುವಂತೆ ಮಾಡುತ್ತಿದ್ದ ಕವರನ್ನು ತಾನೇ ಕಿತ್ತೆಸೆದಿದ್ದಳು. ಇನ್ನು ಅಷ್ಟು ದಪ್ಪದೊಳಗೆ ಗಾಳಿ ತೂರಿಸಲು ಆ ಬಡಕಲು ಫ್ಯಾನಿಗೆ ಶಕ್ತಿ ಎಲ್ಲಿತ್ತು?

ಗುಂಪಿನ ಹುಡುಗರನ್ನು ಹೊಳಪು ಕಂಡರೆ ಜೊಲ್ಲು ಸುರಿಸುವವರೆಂದು ಆಡಿಕೊಂಡಿದ್ದವಳು ತಾನೇ. ಒಬ್ಬ ಪೆದ್ದ ನಕ್ಕನೆಂದು ತಾನು ಅವನಿಗಿಂತ ದೊಡ್ಡ ಪೆದ್ದಿಯಾದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಚನ್ನರಾಯಪ್ಪನ ಮುಂದೆ ನಿಂತಳು. ಅವನು ಬಾಯಿ ತೆರೆಯುವ ಮೊದಲೇ, "ವಾಪಸ್ ತಗೊಳ್ಳಲ್ಲ ಅಂತ ಗೊತ್ತು, ಕೇಳೋಕೆ ಬಂದಿಲ್ಲ," ಎಂದಳು. "ಬೇರೆ ರೇಡಿಯೇಟರ್ ಬೇಕು. ಟ್ಯಾಂಕೂ ಅಲ್ಯೂಮಿನಿಯಂದೇ ಇರ್ಬೇಕು. ದಪ್ಪ ಕಂಪನೀದಕ್ಕಿಂತ ಒಂದು ಬೆರಳಿನಷ್ಟೂ ಜಾಸ್ತಿ ಬೇಡ. ನನ್ನ ಹಳೇ ಫ್ಯಾನು, ಕವರು, ಅದೇ ಬೋಲ್ಟಿಗೆ ಕೂರ್ಬೇಕು. ಹೊಳೀದೇ ಇದ್ರೆ ಇನ್ನೂ ಒಳ್ಳೇದು."

"ಹೊಳೀದೇ ಇರೋದನ್ನ ಯಾರೂ ಕೇಳಲ್ಲ ಮೇಡಂ, ಅದ್ಕೇ ಇಡಲ್ಲ," ಎಂದ ಚನ್ನರಾಯಪ್ಪ. ಈ ಸಲ ಅವಳ ಮುಖ ನೋಡಿಯೇ ಮಾತಾಡಿದ. "ಬೆಂಗ್ಳೂರಿಂದ ತರಿಸ್ಬೇಕು."

ತರಿಸಿದ. ಬೂದಿ ಬಣ್ಣದ, ಸಪ್ಪೆ ಮುಖದ ಒಂದು ರೇಡಿಯೇಟರ್. ತಿಪ್ಪೆಯ ಹತ್ತಿರ ಎಸೆದಿದ್ದ ಕವರನ್ನು ತಂದು ತೊಳೆದು, ಹಳೆಯ ಫ್ಯಾನಿನ ಜೊತೆ ಕೂರಿಸಿದಳು. ಬೋಲ್ಟುಗಳು ಗೊಣಗದೆ ಒಳಗಿಳಿದವು. ಪೇಪರ್ ಹಿಡಿದು ನೋಡಿದರೆ ಮೂಲೆ ಮೂಲೆಗೂ ಅಂಟಿಕೊಂಡಿತು. ದಪ್ಪನೆಯದನ್ನು ರಾಮಚಂದ್ರಪ್ಪ ಮಾವಿನ ಕ್ರೇಟುಗಳ ಕೆಳಗೆ ಅಲುಗದಂತೆ ಒತ್ತಿಗೆ ಇಟ್ಟುಕೊಂಡ. "ಇದಕ್ಕೆ ಲಾಯಕ್ಕಾಗಿದೆ" ಎಂದ. ಅವನ ಬಾಯಿಂದ ಅದು ದೊಡ್ಡ ಹೊಗಳಿಕೆಯೇ.

ಮುಂದಿನ ಭಾನುವಾರ ಮಾಲೂರಿನ ಲೇಔಟಿನಲ್ಲಿ ಸರದಿ ಕಾಯುತ್ತ ಕಾರುಗಳು ಬಿಸಿಲಲ್ಲಿ ಗುರುಗುಡುತ್ತ ನಿಂತಿದ್ದವು. ಅಮರನಾಥ್ ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಇದೇನ್ ಮೇಡಂ, ಆ ಶೋಕಿ ಮಾಲು ಎಲ್ಲಿ?"

"ಅಪ್ಪ ಅದರ ಮೇಲೆ ಕಾಯಿ ಇಟ್ಟವ್ರೆ."

ಅವನಿಗೆ ಅರ್ಥವಾಗಲಿಲ್ಲ. ವಿವರಿಸುವ ಕೃಪೆಯನ್ನೂ ಅವಳು ತೋರಲಿಲ್ಲ.

ಸರದಿ ಬಂತು. ಕಾರು ಚಿಮ್ಮಿತು. ಬಿಸಿಯ ಮುಳ್ಳು ನಡುವಿನಲ್ಲಿ ನಿಂತಿತ್ತು. ಮೊದಲ ತಿರುವಿನಲ್ಲಿ ನೋಡಿದಳು, ಅಲ್ಲೇ ಇತ್ತು. ಎರಡನೆಯದರಲ್ಲೂ ಅಲ್ಲೇ. ಆ ಮುಳ್ಳು ಎಷ್ಟು ಚೆಂದ ಕಂಡಿತೆಂದರೆ, ಮೂರನೆಯ ತಿರುವು ಬಂದದ್ದು ಕೋನುಗಳು ಬಂಪರಿಗೆ ಬಡಿದ ಮೇಲೆ ತಿಳಿಯಿತು. ಕಾರು ಗಿರಕಿ ಹೊಡೆದು ಕೆಂಪು ಧೂಳಿನಲ್ಲಿ ಅಡ್ಡ ನಿಂತಿತು. ಹುಡುಗರು ಸಿಳ್ಳೆ ಹಾಕಿದರು. ಆ ದಿನ ಅವಳೇ ಕೊನೆ. ಮಂಚದ ರೆಕ್ಕೆಯ ಅಮರನಾಥ್ ಕೂಡ ಅವಳಿಗಿಂತ ಮುಂದಿದ್ದ.

ಸಂಜೆ ಮನೆಗೆ ಬಂದಾಗ ರಾಮಚಂದ್ರಪ್ಪ ಬಂಪರಿನ ಗೀರು ನೋಡಿದ.

"ಗೆದ್ಯೇನಮ್ಮಾ?"

"ಇಲ್ಲಪ್ಪ. ಆದ್ರೆ ಕಾರು ಒಂಚೂರೂ ಬಿಸಿಯಾಗ್ಲಿಲ್ಲ."

"ಅದಕ್ಕೆ ಮಾಲೂರ್ತನಕ ಯಾಕೆ ಹೋದೆ? ಇಲ್ಲೇ ಹುಣಸೆಮರದ ಕೆಳಗೆ ನಿಲ್ಸಿದ್ರೂ ಬಿಸಿಯಾಗ್ತಿರ್ಲಿಲ್ಲ."

ಮೌನಿಕಾ ದುರುಗುಟ್ಟಿ ನೋಡಿದಳು. ಆಮೇಲೆ ನಗು ತಡೆಯಲಾಗದೆ ಬಾನೆಟ್ಟಿನ ಮೇಲೆಯೇ ಕುಸಿದು ಕೂತಳು.