ಮೇಡಂ ನೋಡಬೇಕೆಂದಿದ್ದ ನರಕೋಶ

...ಅಥವಾ ಆ ನೀರು ತಂದವಳು ನಾನಲ್ಲವೇನೋ. ನಾನೇ ತಂದೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಕ್ಯಾನಿನ ತಂತಿ ಹಿಡಿಕೆ ಅಂಗೈಗೆ ಒತ್ತಿ ಕೆಂಪು ಗೆರೆ ಬಿದ್ದದ್ದು ಕೂಡ ನೆನಪಿದೆ. ಆದರೆ ತಂತಿ ಹಿಡಿಕೆಯ ಕ್ಯಾನುಗಳನ್ನು ನಾನು ಅದಕ್ಕೂ ಮೊದಲು, ಅದಾದ ಮೇಲೂ ಎಷ್ಟೋ ಹೊತ್ತಿದ್ದೇನೆ. ಆ ಗೆರೆ ಯಾವ ದಿನದ್ದೆಂದು ಅಂಗೈ ಹೇಳುವುದಿಲ್ಲ.

ಇದನ್ನೆಲ್ಲ ಕೆದಕಿದವನು ಹೋದ ತಿಂಗಳು ಕೊರಟಗೆರೆಯ ನಮ್ಮ ಮನೆಗೆ ಇನ್ವರ್ಟರ್ ನೋಡಲು ಬಂದ ಮೆಕ್ಯಾನಿಕ್. ಬ್ಯಾಟರಿಯ ಮುಚ್ಚಳಗಳನ್ನು ತಿರುಗಿಸುತ್ತಿದ್ದಂತೆ ಕೋಣೆಯಲ್ಲೆಲ್ಲ ಹುಳಿ ವಾಸನೆ ಹರಡಿತು. ಅವನು ಟಾರ್ಚ್ ಬಿಟ್ಟು ಒಳಗೆ ಇಣುಕಿದ.

"ಏನ್ ನೀರು ಹಾಕಿದ್ರಿ ಇದುಕ್ಕೆ?"

"ಫಿಲ್ಟರ್ ನೀರೇ ಕಣಪ್ಪ. ಅದುಕ್ಕಿಂತ ಕ್ಲೀನು ಯಾವುದೈತೆ?" ಎಂದರು ನಮ್ಮತ್ತೆ.

"ಕುಡಿಯಾಕೆ ಕ್ಲೀನು ಕಣಮ್ಮ. ಬ್ಯಾಟ್ರಿಗೆ ವಿಷ. ಸಾಯಿಸ್ಬುಟ್ರಲ್ಲ ಇದನ್ನ!"

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಮಧುಗಿರಿಯ ಪಿಯು ಕಾಲೇಜಿನ ಲ್ಯಾಬಿನಲ್ಲಿ ಒಂದು ಬೀಕರಿನ ನೀರು ಕಣ್ಣೆದುರೇ ಹಾಲಿನಂತೆ ಬೆಳ್ಳಗಾದದ್ದು ಮತ್ತೆ ಕಾಣಿಸಿತು. ಅದರ ಮುಂದೆ ನಿಂತಿದ್ದ ನಮ್ಮ ಬಯಾಲಜಿ ಮೇಡಂ ಕೂಡ.

ಮೇಡಂ ಪಾವಗಡದ ಕಡೆಯವರು. ಕನ್ನಡದಲ್ಲಿ ಶುರುವಾದ ಮಾತು ನಡುವೆ ತೆಲುಗಿಗೆ ಹೊರಳಿ ವಾಪಸು ಬರುತ್ತಿತ್ತು. ಸಣ್ಣ ಆಳು, ದೊಡ್ಡ ದನಿ. ಹೀಗೆ ಬರೆದ ಕೂಡಲೇ ಅನುಮಾನ... ನಿಜಕ್ಕೂ ಸಣ್ಣ ಆಳೇ? ಅವರು ಯಾವಾಗಲೂ ಬೋರ್ಡಿನ ಪಕ್ಕ ನಿಂತಿರುತ್ತಿದ್ದರು, ಬೋರ್ಡು ದೊಡ್ಡದಿತ್ತು. ಹಾಗಾಗಿ ಸಣ್ಣವರು ಅನ್ನಿಸಿರಬಹುದು.

ಒಂದು ಮಾತು ಮಾತ್ರ ಅವರದೇ ಎಂದು ಖಾತ್ರಿಯಾಗಿ ಹೇಳಬಲ್ಲೆ. ಅಂಥದನ್ನು ನಾನಾಗಿ ಹುಟ್ಟಿಸಲಾರೆ. ನರಮಂಡಲದ ಪಾಠದ ಮೊದಲ ದಿನ ಬೋರ್ಡಿನ ಮೇಲೆ ನರಕೋಶದ ಚಿತ್ರ ಬರೆದರು. ನಾವು ತಲೆ ಬಗ್ಗಿಸಿ ನಕಲು ಮಾಡಿಕೊಳ್ಳುತ್ತಿದ್ದೆವು. ಸೀಮೆಸುಣ್ಣ ಕೆಳಗಿಟ್ಟು ಅವರು ಹೇಳಿದರು: "ಈ ಚಿತ್ರ ನಾನು ಪುಸ್ತಕ ನೋಡ್ಕೊಂಡು ಬರೆದೆ. ಪುಸ್ತಕದೋರು ಇನ್ನೊಂದು ಪುಸ್ತಕ ನೋಡ್ಕೊಂಡು ಬರೆದಿರ್ತಾರೆ. ನಾನಂತೂ ಒಂದು ಸಲಾನೂ ನಿಜವಾದ್ದನ್ನ ನೋಡಿಲ್ಲಮ್ಮಾ. ನೋಡದೆ ಪಾಠ ಮಾಡೋಕೆ ನಾಚ್ಕೆ ಆಗುತ್ತೆ."

ಪರೀಕ್ಷೆಗೆ ಚಿತ್ರ ಸಾಕಾಗಿತ್ತು, ಮೇಡಂಗೆ ಸಾಕಾಗಿರಲಿಲ್ಲ. ಒಂದೇ ಒಂದು ನರಕೋಶವನ್ನು ತಮ್ಮ ಕಣ್ಣಿಂದ ನೋಡಿ ನಮಗೂ ತೋರಿಸಬೇಕೆನ್ನುವುದು ಅವರ ಹಟ.

ಅದು ಯಾಕೆ ಅಷ್ಟು ಕಷ್ಟ ಎಂದೂ ಅವರೇ ವಿವರಿಸಿದ್ದರು. ಮೆದುಳಿನೊಳಗೆ ಕೋಶಗಳು ಎಷ್ಟು ಒತ್ತಾಗಿ ಹೆಣೆದುಕೊಂಡಿರುತ್ತವೆಂದರೆ ಎಲ್ಲಕ್ಕೂ ಬಣ್ಣ ಹತ್ತಿದರೆ ಒಂದೂ ಕಾಣುವುದಿಲ್ಲ. ನೂರರಲ್ಲಿ ಒಂದೋ ಎರಡೋ ಕೋಶಕ್ಕೆ ಮಾತ್ರ ಹತ್ತುವ ಹಳೆಯ ವಿಧಾನವೊಂದಿದೆ. ಡೈಕ್ರೋಮೇಟ್ ಎಂಬ ಕಿತ್ತಳೆ ದ್ರಾವಣದಲ್ಲಿ ಮೆದುಳಿನ ಚೂರುಗಳನ್ನು ನೆನೆಹಾಕಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಇಡಬೇಕು. ಸಿಕ್ಕಿಬಿದ್ದ ಕೋಶ ಬುಡದಿಂದ ಕೊನೆಯ ಕವಲಿನವರೆಗೂ ಕಪ್ಪಾಗಿ ನಿಲ್ಲುತ್ತದೆ, ಪಕ್ಕದ್ದು ಕಾಣುವುದೇ ಇಲ್ಲ. ಅದೇ ಕೋಶ ಯಾಕೆ, ಪಕ್ಕದ್ದು ಯಾಕಲ್ಲ? ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ.

ಎರಡು ಸಲ ಮಾಡಿ ನೋಡಿದ್ದರು. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದವರು ಮಟನ್ ಅಂಗಡಿಯಿಂದ ಮೇಕೆಯ ಮೆದುಳು ತರಿಸಿದ್ದರು. ತಂದುಕೊಡುತ್ತಿದ್ದವರು ಲ್ಯಾಬಿನ ಅಟೆಂಡರ್. ಶಿರಾದವರು, ಮೇಡಂ ಸೇರಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದೆವು. "ಅಂಗಡಿಯೋನು ಭೇಜಾ ಯಾವಾಗ್ಲೂ ನಿಂಗೇ ಯಾಕೆ ಅಂತಾನೆ ಮೇಡಂ. ಕಾಲೇಜಲ್ಲಿ ಯಾರ್ಗೂ ಇಲ್ಲ, ಅದುಕ್ಕೇ ಅಂದೆ," ಎಂದು ಪ್ರಿನ್ಸಿಪಾಲರ ಕೋಣೆಯ ಕಡೆ ಕಣ್ಣು ಹೊರಳಿಸುತ್ತಿದ್ದರು. ಮೊದಲನೆಯದು ಕೊಳೆತುಹೋಯಿತು. ಎರಡನೆಯದರ ತುಂಬ ಕಂದು ಬಣ್ಣದ ಚೆಕ್ಕೆ, ಬೇರೇನೂ ಇರಲಿಲ್ಲ.

ಆಗ ಎಲ್ಲಿಯೋ ಓದಿಕೊಂಡು ಬಂದರು: ಆಗತಾನೆ ಹುಟ್ಟಿದ್ದರ ಮೆದುಳು ಬೇಕು. ಅದರಲ್ಲಿ ನರಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಬೆಳೆದಿರುವುದಿಲ್ಲ, ಕವಲುಗಳು ಸಿಕ್ಕುಗಟ್ಟಿರುವುದಿಲ್ಲ. "ಕಡ್ಲೇಕಾಯಿ ಗಿಡದ ಬೇರು ಪೂರ್ತಿ ಬೇಕು ಅಂದ್ರೆ ಎಳೇದಿರೋವಾಗ್ಲೇ ಕೀಳ್ತೀವಲ್ಲ, ಅಂಗೆ," ಎಂದರು. ಮರಿಯ ಮೆದುಳಿನಲ್ಲಿ ಪ್ರತಿ ಕವಲಿನ ತುದಿಯೂ ದಾರಿ ತಡವುತ್ತ ಹೋಗಿ ಇನ್ನೊಂದು ಕೋಶವನ್ನು ಸೇರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಕೂಡಿಕೆಗಳು ಮೊದಲು ಆಗುತ್ತವೆ, ಬಳಕೆಗೆ ಬಾರದವು ಆಮೇಲೆ ಉದುರುತ್ತವೆ ಎಂದೂ ಹೇಳಿದರು. ಇದನ್ನು ಅವರು ಹೇಳಿದರೋ, ನಾನು ಬಿಎಸ್ಸಿಯಲ್ಲಿ ಓದಿದ್ದನ್ನು ಅವರ ದನಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೇನೋ...

ಆ ವಾರವೇ ಮಿಡಿಗೇಶಿಯ ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಮೇಕೆಮರಿಯೊಂದು ಮಾರನೆಯ ಬೆಳಿಗ್ಗೆ ಸತ್ತಿತ್ತು. ಅಪ್ಪ ಹೂಳಲು ಹೊರಟಿದ್ದರು. ತಲೆ ನನಗೆ ಬೇಕು ಎಂದೆ.

"ಕಾಲೇಜ್ಗೆ ಬುಕ್ ತಗಂಡೋಗ್ತಾರೆ, ತಲೆ ತಗಂಡೋಗ್ತಾರೇನೆ?"

"ಮೇಡಂ ಕೇಳವ್ರೆ ಅಪ್ಪಾ."

"ಅವ್ರಿಗೂ ನಿಂಗೂ ಯಾವ ಗಾಳಿ ಬಡಿದೈತೋ!" ಎಂದರೂ ಕೊಯ್ದು ಕೊಟ್ಟರು. ಬಟ್ಟೆಯಲ್ಲಿ ಸುತ್ತಿ ಹಾಲಿನ ಕ್ಯಾನಿನಲ್ಲಿಟ್ಟು ಬಸ್ಸು ಹತ್ತಿದೆ. ಕಂಡಕ್ಟರ್ ಕ್ಯಾನು ನೋಡಿ, "ಏನಮ್ಮ, ಡೈರಿ ಮಧುಗಿರಿಗೆ ಹೋಯ್ತಾ?" ಎಂದ. ಹೂಂ ಎಂದೆ. ಆ ಕ್ಯಾನಿಗೆ ತಂತಿ ಹಿಡಿಕೆಯಿತ್ತು. ಅಂಗೈಯ ಕೆಂಪು ಗೆರೆ ಅವತ್ತಿನದೇ ಇದ್ದರೂ ಇರಬಹುದು. ನೀರಿನ ಕ್ಯಾನಿನದು ಅಲ್ಲವೇ ಅಲ್ಲವೇನೋ.

ಚಾಚಾ ತಲೆಬುರುಡೆ ಬಿಡಿಸಿ ಮೆದುಳು ತೆಗೆದರು. "ಅರೆ ಮಗಾ, ಇಷ್ಟೇನಾ? ಅರ್ಧ ಪ್ಲೇಟೂ ಆಗಲ್ಲ!" ಮೇಡಂ ಅದನ್ನು ಕಡಲೆಕಾಳಿನಷ್ಟು ಚೂರುಗಳಾಗಿ ಕತ್ತರಿಸಿ ಫಾರ್ಮಲಿನ್ ಬೆರೆಸಿದ ಕಿತ್ತಳೆ ದ್ರಾವಣಕ್ಕೆ ಹಾಕಿದರು. ಒಂದು ವಾರ ಕಾಯಬೇಕು. ವಾರ ಮುಗಿಯುವ ಮೊದಲೇ ವರ್ಗಾವಣೆಯ ಆದೇಶ ಬಂತು. ಬೇರೆ ಜಿಲ್ಲೆ. ಶನಿವಾರಕ್ಕೆ ಇಲ್ಲಿಂದ ಬಿಡುಗಡೆ.

ಉಳಿದದ್ದು ಮೂರು ದಿನ. ಇಡೀ ಕಾಲೇಜಿನಲ್ಲಿದ್ದ ಸಿಲ್ವರ್ ನೈಟ್ರೇಟ್ ಬಾಟಲಿಯ ತಳದಲ್ಲಿ ಒಂದು ಚಮಚದಷ್ಟು. ಕೇಳಲು ಹೋದರೆ ಪ್ರಿನ್ಸಿಪಾಲರು, "ಅದು ಕೆಮಿಸ್ಟ್ರಿ ಪ್ರಾಕ್ಟಿಕಲ್ಗೆ ಇಟ್ಟಿರೋದು ಮೇಡಂ, ನಿಮ್ಮ ಮೇಕೆ ಮರಿಗಲ್ಲ. ಹೋಗೋ ಟೈಮಲ್ಲಿ ಯಾಕೆ ಇದೆಲ್ಲ?" ಎಂದರು. ಸಿಲೆಬಸ್ಸಿನಲ್ಲಿ ಇಲ್ಲ ಎಂದೂ ಎರಡು ಸಲ ಅಂದರು. ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ನಮ್ಮೆಲ್ಲರ ತಲೆಯೊಳಗೆ ಇರುವುದೊಂದು ಸಿಲೆಬಸ್ಸಿನಲ್ಲಿ ಚಿತ್ರವಾಗಿ ಮಾತ್ರ ಇದ್ದರೆ ಸಾಕು ಎಂದು ತೀರ್ಮಾನಿಸಿದವರು ಯಾರು? ಕೊನೆಗೂ ಕೊಟ್ಟರು, ಅರ್ಧ ಚಮಚ. ಒಂದೇ ಒಂದು ಸಲಕ್ಕೆ ಸಾಕಾಗುವಷ್ಟು.

ಇನ್ನು ಬೇಕಾದದ್ದು ಅದನ್ನು ಕರಗಿಸಲು ಡಿಸ್ಟಿಲ್ಡ್ ನೀರು. ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತಿತ್ತು. ನನ್ನನ್ನು ಕಳಿಸಿದರು. ಇದು ನನ್ನ ನೆನಪು. ಅಂಗಡಿ ಬಾಗಿಲು ಹಾಕಿತ್ತು. ಎದುರಿಗೇ ಫಿಲ್ಟರ್ ನೀರಿನ ಘಟಕ. ಕಾಯಿನ್ ಹಾಕಿದೆ, ಕ್ಯಾನು ತುಂಬಿತು.

ನಮ್ಮ ಸೀಮೆಯಲ್ಲಿ ಬೋರಿನ ನೀರು ಉಪ್ಪು. ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ, ಫ್ಲೋರೈಡಿಗೆ ಮಕ್ಕಳ ಹಲ್ಲು ಹಳದಿಯಾಗುತ್ತದೆ. ಹಾಗಾಗಿ ಊರೂರಿಗೂ ಫಿಲ್ಟರ್ ಬಂದ ಮೇಲೆ ಆ ನೀರೆಂದರೆ ನಮಗೆ ಔಷಧಿ. ಬಾಣಂತಿಗೆ ಅದೇ, ಮಗುವಿಗೆ ಅದೇ. ಅದರಲ್ಲೂ ಅಷ್ಟಿಷ್ಟು ಉಪ್ಪು ಉಳಿದಿರುತ್ತದೆಂದು ನನಗೆ ಹೊಳೆಯಲೇ ಇಲ್ಲ. "ಬೇರೆ ನೀರು ಬೇಡಮ್ಮಾ, ಉಪ್ಪಿದ್ರೆ ಬೆಳ್ಳಿ ಪೂರಾ ಮೊಸರಾಗುತ್ತೆ," ಎಂದು ಮೇಡಂ ಎಚ್ಚರಿಸಿದ್ದರೋ, ಆಮೇಲೆ ಕಲಿತ ಕೆಮಿಸ್ಟ್ರಿಯನ್ನು ನಾನೇ ಅವರ ಬಾಯಿಗೆ ತುರುಕಿದ್ದೇನೋ, ಎಷ್ಟು ತಿಣುಕಿದರೂ ಬಗೆಹರಿಯುವುದಿಲ್ಲ. ಎಚ್ಚರಿಸಿದ್ದರೆ ನನ್ನದು ಸೋಮಾರಿತನ. ಇಲ್ಲವಾದರೆ ಬರೀ ಅಜ್ಞಾನ. ಎರಡರಲ್ಲಿ ಯಾವುದು ಎನ್ನುವುದು ನನಗೆ ಮುಖ್ಯ.

ಪುಡಿ ಬೀಳುತ್ತಿದ್ದಂತೆ ಬೀಕರಿನ ನೀರು ಬೆಳ್ಳಗಾಯಿತು.

"ಪೋಯಿಂದಿ," ಎಂದರು ಮೇಡಂ. ಹೋಯಿತು. ಅಷ್ಟೇ. ಯಾವ ನೀರು ತಂದೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಇನ್ನೂ ಚೆನ್ನಾಗಿತ್ತು, ಬೈಗುಳವಾದರೂ ಗಟ್ಟಿಯಾಗಿ ನೆನಪಿರುತ್ತಿತ್ತು.

ನನ್ನ ತಲೆಯಲ್ಲಿ ಇದಾದ ಮೇಲೆ ಎರಡು ಶನಿವಾರಗಳಿವೆ. ಒಂದರಲ್ಲಿ ಬೀಕರನ್ನು ಸಿಂಕಿಗೆ ಸುರಿದು, ಮೇಡಂ ಸೂಟ್‌ಕೇಸ್ ಹಿಡಿದು ಬಸ್ಸು ಹತ್ತುತ್ತಾರೆ. ಇನ್ನೊಂದರಲ್ಲಿ ಬಿಳಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಸಿದು ಚೂರುಗಳನ್ನು ಅದರಲ್ಲೇ ಇಡುತ್ತಾರೆ. ಶನಿವಾರ ಬೆಳಿಗ್ಗೆ ಮೇಣದಲ್ಲಿ ಕೂರಿಸಿ ಬ್ಲೇಡಿನಿಂದ ತೆಳ್ಳಗೆ ಸೀಳುತ್ತಾರೆ, ಗಾಜಿನ ಮೇಲೆ ಲವಂಗದ ಎಣ್ಣೆ ಬಿಡುತ್ತಾರೆ, ಮೈಕ್ರೋಸ್ಕೋಪಿಗೆ ಬಗ್ಗುತ್ತಾರೆ. "ರಾಮ್ಮಾ, ಚೂಡು," ಬಾ ನೋಡು ಎಂದು ನನ್ನನ್ನು ಕರೆಯುತ್ತಾರೆ. ಹಳದಿ ನೆಲದ ಮೇಲೆ ಒಂದೇ ಒಂದು ಕಪ್ಪು ಕೋಶ, ಕವಲು ಕವಲಾಗಿ...

ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಈ ಎರಡನೆಯ ಶನಿವಾರವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. "ನಾನು ಕಣ್ಣಾರೆ ನೋಡಿದ್ದೇನೆ." ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಒಂದನ್ನು ನೆನೆದಾಗಲೆಲ್ಲ ಮೆದುಳು ಆ ಕೂಡಿಕೆಗಳನ್ನು ಸಡಿಲಿಸಿ ಮತ್ತೆ ಕಟ್ಟುತ್ತದೆಂದು ಓದಿದ್ದೇನೆ. ಹಾಗಿದ್ದರೆ ಪ್ರತಿ ವರ್ಷ ಹೇಳಿ ಹೇಳಿ ಆ ಶನಿವಾರವನ್ನು ಕಟ್ಟಿದವಳು ನಾನೇ ಇರಬಹುದು.

ಸಾಕ್ಷಿ ಹುಡುಕಿದೆ. ಲವಂಗದ ಎಣ್ಣೆಯ ವಾಸನೆ ಸ್ಪಷ್ಟವಾಗಿ ನೆನಪಿದೆ, ಎಂದರೆ ಸ್ಲೈಡ್ ಆಗಿದ್ದಿರಬೇಕು. ಆದರೆ ಆ ವರ್ಷವೇ ನನ್ನ ದವಡೆ ಹಲ್ಲು ಹುಳುಕಾಗಿ ಅಮ್ಮ ಹತ್ತಿಯಲ್ಲಿ ಅದೇ ಎಣ್ಣೆ ಇಡುತ್ತಿದ್ದರು. ಹಳೆಯ ರೆಕಾರ್ಡ್ ಪುಸ್ತಕ ಸಿಕ್ಕಿತು. ಅದರಲ್ಲಿ ನನ್ನ ಕೈಯ ನರಕೋಶವಿದೆ, ನಡುವೆ ದುಂಡಗೆ ನ್ಯೂಕ್ಲಿಯಸ್. ಬೆಳ್ಳಿ ಹತ್ತಿದ ಕೋಶ ಇಡಿಯಾಗಿ ಕಪ್ಪು, ಅದರಲ್ಲಿ ನ್ಯೂಕ್ಲಿಯಸ್ ಕಾಣುವುದಿಲ್ಲ. ಅಂದರೆ ಪುಸ್ತಕದ ನಕಲು. ಅದರಿಂದಲೂ ಏನೂ ಸಾಬೀತಾಗುವುದಿಲ್ಲ. ಕಣ್ಣಾರೆ ನೋಡಿದ್ದರೂ ಅಂಕಕ್ಕಾಗಿ ಪುಸ್ತಕದ್ದನ್ನೇ ಬರೆಯುತ್ತಿದ್ದೆ.

ಕೊನೆಗೆ ಯಾರಿಂದಲೋ ಚಾಚಾ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ನಿವೃತ್ತರಾಗಿ ಶಿರಾದಲ್ಲಿದ್ದಾರೆ. ನನ್ನ ಗುರುತು ಹತ್ತಲು ಹಾಲಿನ ಕ್ಯಾನಿನ ಸುದ್ದಿ ಹೇಳಬೇಕಾಯಿತು.

"ಅರೆ, ಮೇಕೆ ತಲೆ ಹುಡುಗಿ! ಹೆಂಗಿದ್ದೀಯಾ ಮಗಾ?"

ಅವತ್ತು ನಾನು ತಪ್ಪು ನೀರು ತಂದದ್ದು ನೆನಪಿದೆಯೇ ಎಂದು ಕೇಳಿದೆ.

"ನೀನಾ? ಇಲ್ಲ ಮಗಾ. ಆ ನೀರು ತಂದಿದ್ದು ನಾನು. ಬ್ಯಾಟ್ರಿ ಅಂಗಡಿ ಬಂದಾಗಿತ್ತು, ಫಿಲ್ಟರ್ದು ತಂದ್ಬುಟ್ಟೆ. ಮೇಡಂ ಹೋಗೋವಾಗ ಮಾಫ್ ಮಾಡಿ ಅಂತ ಕೇಳೋಕೂ ಬಾಯಿ ಬರ್ಲಿಲ್ಲ. ಇವತ್ತಿಗೂ ಜೀವ ಚುರ್ ಅಂತದೆ."

ನನಗೆ ಹಗುರಾಗಬೇಕಿತ್ತು. ಸಿಟ್ಟು ಬಂತು. ಇಷ್ಟು ವರ್ಷ ಹೊತ್ತ ತಪ್ಪನ್ನು ಇನ್ನೊಬ್ಬರು ತಮ್ಮದೆಂದು ಕಸಿದುಕೊಂಡರೆ ಏನು ಮಾಡುವುದು? ಮುಚ್ಚಿದ ಬಾಗಿಲು, ಎದುರಿನ ಘಟಕ, ಎಲ್ಲ ಒಂದೇ. ತಂದವರು ಮಾತ್ರ ಬೇರೆ. ನಮ್ಮಿಬ್ಬರಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ ಕೇಳಿ ತಮ್ಮದಾಗಿಸಿಕೊಂಡಿರಬೇಕು. ಯಾರು ಯಾರಿಂದ?

"ಸ್ಲೈಡ್ ಆಯ್ತಾ ಚಾಚಾ? ಮೇಡಂ ನೋಡಿದ್ರಾ?"

"ಶನಿವಾರ ನಂಗೆ ರಜಾ ಇತ್ತು ಮಗಾ. ಅವ್ರನ್ನೇ ಕೇಳ್ಬೇಕಿತ್ತು ನೀನು." ಆಮೇಲೆ ದನಿ ತಗ್ಗಿಸಿ, "ನಿಂಗೆ ಗೊತ್ತಿಲ್ವಾ? ರಿಟೈರಾಗಿ ಪಾವಗಡದಲ್ಲೇ ಇದ್ರು. ಅವ್ರು ಹೋಗ್ಬುಟ್ರು. ಎರಡು ವರ್ಷ ಆಯ್ತು," ಎಂದರು.

ಗೊತ್ತಿರಲಿಲ್ಲ. ಕೊರಟಗೆರೆಯಿಂದ ಪಾವಗಡಕ್ಕೆ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಮನೆಗೆ ವಾಪಸು ಬರಬಹುದು. ಅವರಿದ್ದಾಗ ಒಂದು ಸಲವೂ ಹತ್ತಲಿಲ್ಲ. ಕೇಳಲು ಇದ್ದದ್ದು ಒಂದೇ ಪ್ರಶ್ನೆ. ಆಗ ಅದು ಪ್ರಶ್ನೆ ಎಂದೇ ನನಗೆ ಗೊತ್ತಿರಲಿಲ್ಲ, ಉತ್ತರ ನನ್ನ ಹತ್ತಿರ ಇದೆ ಅಂದುಕೊಂಡಿದ್ದೆ.

ಮೊನ್ನೆ ಹತ್ತನೇ ತರಗತಿಯಲ್ಲಿ ಮತ್ತೆ ಅದೇ ಪಾಠ. ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸಿದಾಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು. "ಮಿಸ್, ನೀವು ನೋಡಿದ್ದೀರಂತಲ್ಲ? ನಮ್ಮಕ್ಕ ಹೇಳಿದ್ಲು." ಅವಳ ಅಕ್ಕನಿಗೂ ನಾನೇ ಪಾಠ ಮಾಡಿದ್ದೆ.

"ಗೊತ್ತಿಲ್ಲ," ಎಂದೆ.

"ನೋಡಿದ್ದು ಗೊತ್ತಾಗಲ್ವಾ ಮಿಸ್?" ಎಂದಳು. ಹಿಂದಿನ ಬೆಂಚುಗಳು ನಕ್ಕವು. ಸುಮ್ಮನಿರಿ ಎಂದು ಗದರಿದೆ. ಗದರುವ ಅಗತ್ಯವಿರಲಿಲ್ಲ.

ನೀರು ತಂದವರು ಯಾರು, ನನಗೆ ಗೊತ್ತಿಲ್ಲ. ಆ ಕಪ್ಪು ಕೋಶವನ್ನು ನಾನು ನೋಡಿದೆನೋ ಇಲ್ಲವೋ, ಗೊತ್ತಿಲ್ಲ. ಇದೆಲ್ಲ ಹೋಗಲಿ. ಅಷ್ಟು ಹಟ ಹಿಡಿದಿದ್ದ ಮೇಡಂ ಇಲ್ಲಾಗಲಿ, ಆ ಇನ್ನೊಂದು ಜಿಲ್ಲೆಯ ಯಾವುದಾದರೂ ಲ್ಯಾಬಿನಲ್ಲಾಗಲಿ, ಸಾಯುವುದರೊಳಗೆ ಒಂದೇ ಒಂದು ನರಕೋಶವನ್ನು ನೋಡಿದರೋ ಇಲ್ಲವೋ, ಅದೂ ಗೊತ್ತಿಲ್ಲ.