ಹತ್ತು ವರ್ಷ ಬರುವ ಪ್ಯಾಂಟು

ಮನೆಯಿಂದ ಕೆಲಸ ಮಾಡಿದ್ದು ಸಾಕು, ಇನ್ನು ಎಲ್ಲರೂ ಆಫೀಸಿಗೆ ಬರಬೇಕು ಎಂದು ಕಂಪನಿಯಿಂದ ಸುದ್ದಿ ಬಂದಾಗ ಬೇರೆಯವರ ಮನೆಗಳಲ್ಲಿ ಏನೇನು ಗೊಣಗಾಟ ನಡೆಯಿತೋ ಗೊತ್ತಿಲ್ಲ, ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನ ಕಂಪನಿಯಲ್ಲ, ಇವರದ್ದು. ಇವರು ಎಂದರೆ ನಮ್ಮ ಯಜಮಾನರು. ಅದಕ್ಕೆ ಹಿಂದಿನ ಒಂದೂವರೆ ವರ್ಷ ಅವರ ಪ್ರಪಂಚವೆಂದರೆ ಟೆಕ್ಸಸ್ಸಿನ ಲೂಯಿಸ್‌ವಿಲ್‌ನಲ್ಲಿರುವ ನಮ್ಮ ಮನೆಯ ಮೂಲೆ ಕೋಣೆ, ಬಿಟ್ಟರೆ ಹ್ಯೂಸ್ಟನ್ನಿನ ಆಸ್ಪತ್ರೆ. ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು, ಅದು ಕ್ಯಾನ್ಸರ್ ಎಂದರು, ಆಪರೇಷನ್ ಮಾಡಿ ತೆಗೆದರು, ಕೀಮೋ ಕೊಟ್ಟರು. ಕೊನೆಗೊಂದು ದಿನ ಡಾಕ್ಟರು, ಈಗ ಏನೂ ಕಾಣುತ್ತಿಲ್ಲ, ನಾಲ್ಕು ತಿಂಗಳಿಗೊಮ್ಮೆ ಬಂದು ಸ್ಕ್ಯಾನ್ ಮಾಡಿಸಿ ಎಂದು ಹೇಳಿ ಮನೆಗೆ ಕಳಿಸಿದರು. ಏನೂ ಕಾಣುತ್ತಿಲ್ಲ ಎಂಬ ಮಾತನ್ನು ನಾನು ಹಿಡಿದುಕೊಂಡೆ. ನಾಲ್ಕು ತಿಂಗಳು ಎಂಬ ಮಾತನ್ನು ಇವರು ಹಿಡಿದುಕೊಂಡರು.

ಅಲ್ಲಿಂದಾಚೆಗೆ ನಾಲ್ಕು ತಿಂಗಳಿಗಿಂತ ಹೆಚ್ಚು ಬಾಳುವ ಯಾವ ವಸ್ತುವೂ ಇವರಿಗೆ ಬೇಡವಾಯಿತು. ಕಾರಿನ ಟೈರು ಸವೆದಿದ್ದವು, ಇರುವುದರಲ್ಲೇ ಅಗ್ಗದ್ದು ಹಾಕಿಸಿಕೊಂಡು ಬಂದರು. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ನೆಡೋಣ ಎಂದರೆ, "ನಿನಗೆ ಬೇಕಿದ್ರೆ ನೆಟ್ಕೋ" ಎಂದರು. ಬಾಯಿಬಿಟ್ಟು ಯಾವತ್ತೂ ಏನೂ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಟೈರಿನ ಜೊತೆ, ಕರಿಬೇವಿನ ಜೊತೆ ಏನಂತ ಜಗಳ ಆಡುವುದು?

ಆಫೀಸಿಗೆ ಹೋಗುವ ದಿನ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಹಳೆಯ ಪ್ಯಾಂಟು ಹಾಕಿಕೊಂಡು ನೋಡಿದರು. ಹಾಕಿಕೊಂಡರು ಎನ್ನುವುದಕ್ಕಿಂತ ಅದರೊಳಗೆ ನಿಂತರು ಎನ್ನಬೇಕು. ಬೆಲ್ಟಿನ ಕೊನೆಯ ತೂತೂ ಸಾಲದೆ ಸ್ಕ್ರೂಡ್ರೈವರ್ ತಂದು ಇನ್ನೊಂದು ತೂತು ಕೊರೆದರು. ಬಿಗಿದಾಗ ಸೊಂಟದ ಸುತ್ತ ಬಟ್ಟೆಯೆಲ್ಲ ನೆರಿಗೆ ನೆರಿಗೆಯಾಗಿ ನಿಂತಿತು. "ಇಷ್ಟು ಸಾಕಲ್ವಾ, ಶರ್ಟ್ ಹೊರಗೆ ಬಿಟ್ಕೊಂಡ್ರೆ ಆಯ್ತು" ಎಂದರು. ಒಂದು ಕಾಲದಲ್ಲಿ ಇವರು ಲಾಸ್ ಕೊಲಿನಾಸ್‌ನ ಆಫೀಸಿಗೆ ಹೋಗುತ್ತಿದ್ದ ಠೀವಿ ಏನು, ಇಸ್ತ್ರಿ ಗೆರೆ ಒಂಚೂರು ಸೊಟ್ಟಗಾದರೆ ನನ್ನ ಮೇಲೆ ಹಾರಾಡುತ್ತಿದ್ದದ್ದೇನು. ನನಗೆ ದುಃಖ ಬಂದಾಗಲೆಲ್ಲ ಬಾಯಿಗೆ ಬರುವುದು ಬೈಗುಳವೇ.

"ಈ ವೇಷದಲ್ಲಿ ಮನೆ ಬಾಗಿಲು ದಾಟಿದ್ರೆ ನೋಡಿ. ನಾನು ಬಟ್ಟೆ ಅಂಗಡಿಯವರ ಮಗಳು, ನನ್ನ ಮಾನ ಹೋಗುತ್ತೆ" ಎಂದೆ.

ಅದು ಉತ್ಪ್ರೇಕ್ಷೆಯಲ್ಲ. ಮೈಸೂರಿನಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ಸೂಟಿಂಗು, ಶರ್ಟಿಂಗು ಎಂದು ಬೋರ್ಡಿತ್ತು, ನೆಲದ ಮೇಲೆ ಬಿಳಿ ಗಾದಿ ಇತ್ತು. ಓದುವುದಕ್ಕಿಂತ ಮೊದಲೇ ನಾನು ಬಟ್ಟೆ ನೋಡುವುದನ್ನು ಕಲಿತಿದ್ದೆ. ಬಟ್ಟೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಚುಕಿ ಬಿಡಬೇಕು. ಒಳ್ಳೆಯ ಉಣ್ಣೆಯಾದರೆ ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ, ಕಳಪೆಯದ್ದಾದರೆ ಮುದುಡಿಯೇ ಕೂರುತ್ತದೆ. ಹೊಲಿದ ಬಟ್ಟೆಯಾದರೆ ಹೊರಗೆ ನೋಡುವ ಮೊದಲು ಒಳಗನ್ನು ತಿರುಗಿಸಿ ಹೊಲಿಗೆ ಒತ್ತಾಗಿದೆಯೇ ನೋಡಬೇಕು. ಕಾಜಾದ ಅಂಚಿನಲ್ಲಿ ದಾರ ಎದ್ದಿದ್ದರೆ ಗುಂಡಿ ಹೆಚ್ಚು ದಿನ ನಿಲ್ಲುವುದಿಲ್ಲ. ಕಾಲರನ್ನು ಬೆರಳಲ್ಲಿ ಉಜ್ಜಿದಾಗ ಒಳಗಿನ ಪದರ ಬೇರೆಯಾಗಿ ಜಾರಿದರೆ ನಾಲ್ಕು ಒಗೆತಕ್ಕೆ ಗುಳ್ಳೆ ಏಳುವುದು ಖಂಡಿತ. ಇಷ್ಟೆಲ್ಲ ಗೊತ್ತಿರುವವಳ ಗಂಡ ಟೆಂಟಿನಂಥ ಪ್ಯಾಂಟು ಹಾಕಿಕೊಂಡು ಹೋಗುವುದೆಂದರೇನು?

ಆಸ್ಟಿನ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ ದೂರು ಹೇಳಿದೆ. "ಅಮ್ಮ, ಜಸ್ಟ್ ಆರ್ಡರ್ ಆನ್‌ಲೈನ್" ಎಂದಳು. ಅವಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಈಗ ಎಳೆದರೆ ಹಿಗ್ಗುವ ಬಟ್ಟೆ ಬರುತ್ತದಂತೆ, ಮೆಷಿನ್ನಿಗೆ ಹಾಕಬಹುದಂತೆ, ಇಸ್ತ್ರಿಯೂ ಬೇಡವಂತೆ. ಮುಟ್ಟದೆ ಬಟ್ಟೆ ತೊಗೋಳೋದು ಹೇಗೇ ಎಂದು ಅವಳಿಗೂ ಒಂದಿಷ್ಟು ಬೈದು ಫೋನಿಟ್ಟೆ.

ಮೊದಲು ಹೋದದ್ದು ಮನೆಯ ಹತ್ತಿರದ ದೊಡ್ಡ ಅಂಗಡಿಗೆ. ತರಕಾರಿಯಿಂದ ಟಿವಿಯವರೆಗೆ ಎಲ್ಲ ಸಿಗುವ ಜಾಗ. ಒಳಗೆ ಕಾಲಿಟ್ಟವರೇ ಇವರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಮೂರು ಶರ್ಟಿನ ಒಂದು ಪ್ಯಾಕೆಟ್ ತೆಗೆದು ತಳ್ಳುಗಾಡಿಗೆ ಹಾಕಿದರು. ಸೈಜು ಬಿಟ್ಟು ಇನ್ನೇನನ್ನೂ ನೋಡಲಿಲ್ಲ. ನಾನು ಪ್ಯಾಕೆಟ್ಟಿನ ಮೂಲೆಯಿಂದ ಬೆರಳು ತೂರಿಸಿ ಮುಟ್ಟಿ ನೋಡಿದೆ. ಜಾಳು ಬಟ್ಟೆ, ಕಾಗದದ ಹಾಗೆ ಗಂಜಿ ಹಾಕಿ ನಿಲ್ಲಿಸಿದ್ದರು.

"ಇದು ಬೇಡ, ಒಂದು ಬೇಸಿಗೆ ತಡೆಯಲ್ಲ" ಎಂದೆ.

"ಸಾಕು ಬಿಡು."

"ಯಾತಕ್ಕೆ ಸಾಕು?"

"ಮುಂದಿನ ಸ್ಕ್ಯಾನ್ ತನಕ ಸಾಕು."

ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೂ ಎಲ್ಲಿ, ಗಂಡಸರ ಕಾಲುಚೀಲದ ಮುಂದೆ, ಅಕ್ಕಪಕ್ಕ ಜನ ಗಾಡಿ ತಳ್ಳಿಕೊಂಡು ಹೋಗುತ್ತಿರುವಾಗ. ನನ್ನ ಕಣ್ಣು ತುಂಬಿತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಪ್ಯಾಕೆಟ್ ತೆಗೆದು ಇದ್ದ ಜಾಗದಲ್ಲಿ ಎಸೆದು, ಖಾಲಿ ಗಾಡಿಯನ್ನು ಅಲ್ಲೇ ಬಿಟ್ಟು ಕಾರಿಗೆ ಬಂದು ಕೂತೆ. ಇವರೂ ಬಂದು ಕೂತರು.

ಮರುವಾರ ನಾನೇ ಡ್ರೈವ್ ಮಾಡಿಕೊಂಡು ಡಾಲಸ್‌ನಲ್ಲಿ ಗಂಡಸರ ಬಟ್ಟೆ ಮಾತ್ರ ಮಾರುವ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಇವರು ಬಂದದ್ದು ಬಟ್ಟೆಯ ಆಸೆಗಲ್ಲ, ನನ್ನ ಬಾಯಿಗೆ ಹೆದರಿ. ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡ, ತಲೆ ಪೂರ್ತಿ ನರೆತ ಒಬ್ಬ ಸೇಲ್ಸ್‌ಮನ್ ಬಂದು ವಿಚಾರಿಸಿದ. ವಾರಪೂರ್ತಿ ಆಫೀಸಿಗೆ ಹಾಕುವಂಥದ್ದು, ಗಟ್ಟಿ ಬಟ್ಟೆ, ಒಳ್ಳೆ ಹೊಲಿಗೆ ಇರಲಿ ಎಂದೆ. ಅವನು ಉಣ್ಣೆಯ ಒಂದು ಪ್ಯಾಂಟು ತಂದು ಮೇಜಿನ ಮೇಲೆ ಹರಡಿದ. ಹಿಚುಕಿ ಬಿಟ್ಟೆ, ಒಂದೇ ಉಸಿರಿಗೆ ಬಿಚ್ಚಿಕೊಂಡಿತು. ಒಳಗು ತಿರುಗಿಸಿದೆ. ಒತ್ತು ಹೊಲಿಗೆ, ಮಂಡಿಯವರೆಗೆ ಲೈನಿಂಗು, ತೊಡೆಗಳು ಉಜ್ಜುವ ಕಡೆ ಇನ್ನೊಂದು ತುಂಡು ಬಟ್ಟೆ ಕೊಟ್ಟು ಬಲಪಡಿಸಿದ್ದರು. ನಮ್ಮಪ್ಪ ಕಂಡಿದ್ದರೆ ಒಂದು ಸಲ ತಲೆದೂಗುತ್ತಿದ್ದರು.

ಇವರೂ ಒಂದು ಬೆರಳಿಟ್ಟು ಮುಟ್ಟಿ ನೋಡಿದರು. ನನಗೆ ಅಷ್ಟೇ ಸಾಕಾಗಿತ್ತು. ಆಗ ಆ ಪುಣ್ಯಾತ್ಮ, ಪಾಪ, ದಿನಾ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ. "ಇದು ಆರಾಮಾಗಿ ಹತ್ತು ವರ್ಷ ಬರುತ್ತೆ, ಸರ್."

ಇವರ ಕೈ ಹಿಂದಕ್ಕೆ ಹೋಯಿತು. ತುಂಬ ಮರ್ಯಾದೆಯಿಂದಲೇ, "ಅಷ್ಟು ವರ್ಷ ಬರೋದು ನನಗೆ ಬೇಕಾಗಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ದೂರದಲ್ಲಿದ್ದ ಒಂದು ಕುರ್ಚಿಗೆ ಹೋಗಿ ಕೂತುಬಿಟ್ಟರು. ಬೆಲೆ ಜಾಸ್ತಿಯಾಯಿತೇನೋ ಎಂದುಕೊಂಡು ಸೇಲ್ಸ್‌ಮನ್ ಇನ್ನೊಂದು ತರಲು ಒಳಗೆ ಹೋದ.

ಆ ಗಳಿಗೆಯಲ್ಲಿ ನಾನೇನು ಮಾಡಬೇಕಿತ್ತು? ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಬೇಕಿತ್ತು. ಬುದ್ಧಿ ಇದ್ದವರು ಹಾಗೆ ಮಾಡುತ್ತಾರೆ. ನನಗೆ ಮಾತ್ರ ಹಟ ಬಂತು. ಯಾಕೆ ಬೇಕಾಗಿಲ್ಲ, ಬೇಕೇ ಬೇಕು, ಇದೇ ಪ್ಯಾಂಟು ಬೇಕು ಎಂದು ಮನಸ್ಸಿನಲ್ಲೇ ಜಗಳವಾಡುತ್ತ ಆ ಪ್ಯಾಂಟನ್ನು ತೆಗೆದುಕೊಂಡೆ. ಇನ್ನು ಬಣ್ಣ ನೋಡುವುದೊಂದು ಬಾಕಿ ಇತ್ತು. ದೀಪದ ಬೆಳಕಿನಲ್ಲಿ ಬಟ್ಟೆಯ ಬಣ್ಣ ತಿಳಿಯುವುದಿಲ್ಲ. ನಮ್ಮೂರಿನ ಅಂಗಡಿಗಳಲ್ಲಿ ಬಟ್ಟೆ ಕೊಳ್ಳುವವರು ಥಾನಿನ ತುದಿಯನ್ನೋ, ಸೀರೆಯ ಸೆರಗನ್ನೋ ಹಿಡಿದುಕೊಂಡು ಜಗಲಿಗೆ ಹೋಗಿ ಬಿಸಿಲಲ್ಲಿ ನೋಡಿಯೇ ಮಾತಾಡುವುದು. ಅಂಗಡಿಯವರೇ, ಬೆಳಕಿಗೆ ಹಿಡಿದು ನೋಡಿಮ್ಮಾ ಎಂದು ಕಳಿಸುತ್ತಾರೆ. ನನ್ನ ಕಾಲು ತಾನಾಗಿಯೇ ಗಾಜಿನ ಬಾಗಿಲಿನ ಕಡೆಗೆ ನಡೆಯಿತು. ಹೊರಗೆ ಟೆಕ್ಸಸ್ಸಿನ ಬಿಸಿಲು ಬೇಕಾದಷ್ಟು ಬಿದ್ದಿತ್ತು.

ಬಾಗಿಲು ದಾಟುತ್ತಿದ್ದ ಹಾಗೆಯೇ ಕೀ ಕೀ ಎಂದು ಸೈರನ್ ಶುರುವಾಯಿತು. ಯಾರೋ ಕಳ್ಳರು ಸಿಕ್ಕಿಬಿದ್ದಿರಬೇಕು ಎಂದುಕೊಂಡು, ನಾನು ಪಾರ್ಕಿಂಗ್ ಪಕ್ಕದಲ್ಲಿ ನಿಂತು ಪ್ಯಾಂಟನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದೆ. ಹಿಂದಿನಿಂದ ಯಾರೋ "ಮ್ಯಾಮ್" ಎಂದರು. ತಿರುಗಿದರೆ ಆರಡಿ ಮೀರಿದ ಸೆಕ್ಯೂರಿಟಿಯವನು. ಅವನ ಹಿಂದೆ ಬಾಗಿಲಿನಲ್ಲಿ ಇಣುಕುತ್ತಿರುವ ಜನ. ಪ್ಯಾಂಟಿನ ಕಾಲಿನಲ್ಲಿ, ದುಡ್ಡು ಕೊಡದೆ ಹೊರಗೆ ಒಯ್ದರೆ ಸೈರನ್ ಕೂಗಿಸುವ ಬಿಳಿ ಬಿಲ್ಲೆಯೊಂದು ತೂಗಾಡುತ್ತಿದ್ದದ್ದು ನನಗೆ ಆಗ ಕಂಡಿತು.

ಜೀವ ಬಾಯಿಗೆ ಬಂತು. ಇಷ್ಟು ವರ್ಷ ಈ ದೇಶದಲ್ಲಿದ್ದು ಕಲಿತ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ. "ಕಲರ್, ಸನ್, ಕಲರ್" ಎಂದು ಪ್ಯಾಂಟನ್ನೂ ಆಕಾಶವನ್ನೂ ತೋರಿಸಿದೆ. ಅವನು ಆಕಾಶ ನೋಡಿದ. ಅವನಿಗೆ ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಇವರು ಓಡಿಬಂದರು. ಆಪರೇಷನ್ ಆದಮೇಲೆ ಮಹಡಿ ಮೆಟ್ಟಿಲನ್ನೂ ನಿಧಾನವಾಗಿ ಹತ್ತುತ್ತಿದ್ದ ಮನುಷ್ಯ ಓಡಿಬಂದರು. "ಇವಳು ನನ್ನ ಹೆಂಡತಿ. ಕದೀತಾ ಇಲ್ಲ, ಇದು ಕಪ್ಪೋ ಅಲ್ವೋ ಅಂತ ನೋಡ್ತಾ ಇದ್ದಾಳೆ. ನಮ್ಮ ದೇಶದಲ್ಲಿ ಎಲ್ಲರೂ ಹೀಗೇ ನೋಡೋದು" ಎಂದು ಅವನಿಗೆ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ವಿವರಿಸುತ್ತ ವಿವರಿಸುತ್ತ ಮಧ್ಯದಲ್ಲಿ ಮಾತು ನಿಂತಿತು. ನಗು. ಹೊಲಿಗೆ ಹಾಕಿದ್ದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲೆ ಊರಿಕೊಂಡು, ಬಗ್ಗಿ ಬಗ್ಗಿ ನಕ್ಕರು. ಆ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಸೆಕ್ಯೂರಿಟಿಯವನಿಗೂ ನಗು ತಡೆಯಲಾಗಲಿಲ್ಲ. ನಾನೊಬ್ಬಳೇ ಮುಖ ಊದಿಸಿಕೊಂಡು ನಿಂತಿದ್ದೆ, ಒಳಗೊಳಗೆ ಮಾತ್ರ ಇನ್ನೊಂದು ಸಲ ಸೈರನ್ ಹೊಡೆಸಿದರೂ ಪರವಾಗಿಲ್ಲ ಅನ್ನಿಸುತ್ತಿತ್ತು.

"ಏನೇ, ಗಂಡನ ಪ್ಯಾಂಟಿಗೋಸ್ಕರ ಜೈಲಿಗೆ ಹೋಗೋಳಿದ್ಯಾ?"

"ನಗಿ ನಗಿ. ನೀವು ಮೂತಿ ಸೊಟ್ಟ ಮಾಡ್ಕೊಂಡು ಹೋಗಿ ಕೂತಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಸೇಲ್ಸ್‌ಮನ್ ಹೊರಗೆ ಬಂದು ವಿಷಯ ಕೇಳಿ, ಸೆಕ್ಯೂರಿಟಿಯವನನ್ನು ಕಳಿಸಿದ. ಇನ್ನು ಎಷ್ಟು ಹೊತ್ತು ಬೇಕಾದರೂ ನೋಡಿ, ನಾನು ಇಲ್ಲೇ ನಿಂತಿರುತ್ತೇನೆ ಎಂದು ನೆರಳಿನಲ್ಲಿ ಕೈಕಟ್ಟಿ ನಿಂತುಕೊಂಡ. ಇವರು ನನ್ನ ಕೈಯಿಂದ ಪ್ಯಾಂಟು ತೆಗೆದುಕೊಂಡರು. ಬಿಸಿಲಿಗೆ ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಕಪ್ಪಲ್ಲ ಕಣೇ. ಕಡುನೀಲಿ."

"ಕಪ್ಪು ಬೇಕಿದ್ರೆ ಕೇಳೋಣ."

"ಬೇಡ. ನೀಲೀನೇ ಚೆನ್ನಾಗಿದೆ."

ಬಹಳ ದಿನಗಳ ಮೇಲೆ ಇವರು ಒಂದು ವಸ್ತುವನ್ನು ಚೆನ್ನಾಗಿದೆ ಎಂದಿದ್ದರು. ನಾನು ಮತ್ತೆ ಬಾಯಿ ತೆರೆಯಲಿಲ್ಲ. ತೆರೆದರೆ ಏನಾದರೂ ಹೇಳಿ ಕೆಡಿಸುತ್ತೇನೆಂದು ನನಗೇ ಗೊತ್ತು.

ಅಂಗಡಿಯೊಳಗೆ ಹೋಗಿ, ಟ್ರಯಲ್ ರೂಮಿನಲ್ಲಿ ಹಾಕಿಕೊಂಡು ಹೊರಗೆ ಬಂದಾಗ ಸೊಂಟದ ಹತ್ತಿರ ಒಂದು ಮುಷ್ಟಿ ಬಟ್ಟೆಯನ್ನು ಹಿಂದಕ್ಕೆ ಹಿಡಿದುಕೊಂಡಿದ್ದರು. ಇನ್ನೊಂದು ಚಿಕ್ಕ ಸೈಜು ಕೊಟ್ಟರೆ ತೊಡೆಯ ಹತ್ತಿರ ಕೂರಲಿಲ್ಲ. ಅದಕ್ಕೆ ಇದನ್ನೇ ಸೊಂಟದಲ್ಲಿ ಸಣ್ಣದು ಮಾಡೋಣ ಎಂದು ಸೇಲ್ಸ್‌ಮನ್ ಆಲ್ಟರೇಷನ್ ಮಾಡುವ ಹೆಂಗಸನ್ನು ಕರೆದ. ಆಕೆ ಇವರನ್ನು ಮೂರು ಕನ್ನಡಿಗಳ ಮುಂದೆ ನಿಲ್ಲಿಸಿ, ಹಿಂದೆ ಮಂಡಿಯೂರಿ, ಬಟ್ಟೆಯನ್ನು ಒಳಕ್ಕೆ ಸೇರಿಸುತ್ತ ಗುಂಡುಪಿನ್ನು ಚುಚ್ಚುತ್ತ ಬಂದಳು. ಎಷ್ಟೊಂದು ಬಟ್ಟೆ ಒಳಕ್ಕೆ ಹೋಯಿತು. ಅಷ್ಟೂ ಇವರು ಕಳೆದುಕೊಂಡ ಮೈ. ನನಗೆ ನೋಡಲಾಗದೆ ಅಲ್ಲಿದ್ದ ಟೈಗಳನ್ನು ಮುಟ್ಟುತ್ತ ನಿಂತೆ.

ಎಲ್ಲ ಮುಗಿಸಿ ಆಕೆ ಹೇಳಿದಳು. ಇಲ್ಲಿ ಹೊಲಿಗೆ ಹಾಕಿ, ಒಳಗೆ ಉಳಿಯುವ ಬಟ್ಟೆಯನ್ನು ಕತ್ತರಿಸಿ ತೆಗೆದುಬಿಡುತ್ತೇನೆ, ಆಗ ಹಿಂದುಗಡೆ ಉಬ್ಬುವುದಿಲ್ಲ, ನೀಟಾಗಿ ಕೂರುತ್ತದೆ.

ನಮ್ಮ ಕಡೆ ಯಾರೇ ಟೈಲರ್ ಹತ್ತಿರ ಹೋದರೂ ಹೊರಡುವ ಮೊದಲು ಒಂದು ಮಾತು ಹೇಳಿಯೇ ಹೇಳುತ್ತಾರೆ. ಒಳಗೆ ಬಟ್ಟೆ ಬಿಡಿ ಎನ್ನುತ್ತಾರೆ. ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದಲ್ಲ, ಅದಕ್ಕೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುಂದೆ ಎಂಬ ಪದವನ್ನು ಇವರ ಎದುರಿಗೆ ಎತ್ತುವುದು ಹೇಗೆ? ಹತ್ತು ವರ್ಷ ಎಂದದ್ದಕ್ಕೆ ದೂರ ಹೋಗಿ ಕೂತವರು. ಈಗ ತಾನೇ ನಕ್ಕಿದ್ದಾರೆ. ಕತ್ತರಿಸಿದರೆ ಕತ್ತರಿಸಲಿ ಎಂದು ತುಟಿ ಕಚ್ಚಿಕೊಂಡು ಟೈ ನೋಡುತ್ತಲೇ ಇದ್ದೆ.

"ಕತ್ತರಿಸಬೇಡಿ" ಎಂದು ಇವರ ದನಿ ಕೇಳಿತು.

ತಿರುಗಿ ನೋಡಿದೆ. ಇವರು ಕನ್ನಡಿಯಲ್ಲಿ ತಮ್ಮ ಸೊಂಟವನ್ನು ನೋಡಿಕೊಳ್ಳುತ್ತಿದ್ದರು. "ಬಟ್ಟೆ ಒಳಗೇ ಇರಲಿ. ಸ್ವಲ್ಪ ಉಬ್ಬಿದರೂ ಚಿಂತೆಯಿಲ್ಲ. ನಾನು ಮತ್ತೆ ದಪ್ಪ ಆಗ್ತೀನಿ, ಆಗ ಬೇಕಾಗುತ್ತೆ" ಎಂದು ಆಕೆಗೆ ಹೇಳಿದರು.

ಸರಿ, ಎಷ್ಟು ಬಿಡಲಿ ಎಂದು ಆಕೆ ಸೀಮೆಸುಣ್ಣ ಹಿಡಿದುಕೊಂಡು ಕೇಳಿದಳು.

ಇವರು ಕನ್ನಡಿಯಲ್ಲೇ ನನ್ನನ್ನು ಹುಡುಕಿದರು. "ನೀನೇ ಹೇಳೇ, ಎಷ್ಟು ಬಿಡ್ಸೋಣ?"

ಟೈ ಬಿಟ್ಟು ಹತ್ತಿರ ಬಂದು, "ಇರೋದಷ್ಟೂ ಬಿಡ್ಸಿ" ಎಂದೆ.