ಮುನಿಶಾಮಯ್ಯನವರ ವ್ಯಾಕರಣ

ರಿಟೈರಾದ ಮೇಲೆ ಇಂಗ್ಲಿಷ್ ಕಲಿಯಲು ಹಳ್ಳಿಯಿಂದ ಬಸ್ಸು ಹತ್ತಿ ಮಾಗಡಿಯ ನನ್ನ ಸಂಜೆ ತರಗತಿಗೆ ಬರುವ ಮುನಿಶಾಮಯ್ಯನವರು ನನ್ನ ತಲೆ ತಿನ್ನಲೆಂದೇ ಹುಟ್ಟಿದವರು. ಒಂದು ನಿಯಮವನ್ನೂ ಸುಮ್ಮನೆ ಒಪ್ಪುವುದಿಲ್ಲ. "ಹಸ ಹೋದ್ರೂ 'ಗೋಸ್', ತಹಸೀಲ್ದಾರ್ರು ಹೋದ್ರೂ 'ಗೋಸ್', ಇದ್ಯಾವ ಸೀಮೆ ಭಾಷೆ ಮೇಡಂ?" ಎಂದು ತಗಾದೆ ತೆಗೆಯುತ್ತಾರೆ. 'ದಿ' ಎಂಬುದನ್ನು ಒಗ್ಗರಣೆಯ ಸಾಸಿವೆಯಂತೆ ಎಲ್ಲ ಕಡೆ ಎರಚಿ, ಬೇಕಾದಲ್ಲಿ ಮಾತ್ರ ಬಿಟ್ಟುಬಿಡುತ್ತಾರೆ. ತಿದ್ದಿದರೆ "ಒಸಿ ತಡೀರಿ, ಬತ್ತೈತೆ" ಎನ್ನುತ್ತಾರೆ, ಬರುವುದಿಲ್ಲ. ಒಬ್ಬರಿದ್ದರೆ 'ಈಸ್', ಹಲವರಿದ್ದರೆ 'ಆರ್' ಎಂಬುದೊಂದನ್ನು ಹೇಗೋ ಕಲಿಸಿದ್ದೆ. ನಿನ್ನೆ ಮನೆಯವರ ಬಗ್ಗೆ ಹೇಳಿ ಎಂದರೆ, "ಮೈ ಸನ್ ಈಸ್ ಎ ಟೀಚರ್. ಮೈ ಫಾದರ್ ಆರ್ ಎ ಫಾರ್ಮರ್" ಎಂದರು. ನನಗೆ ರೇಗಿತು. "ಅಪ್ಪ ಒಬ್ಬರೇ ತಾನೇ ಸಾರ್? 'ಈಸ್' ಅನ್ನಿ! ಏಕವಚನ!" ಅವರು ತಲೆ ತಗ್ಗಿಸಿದರು. "ಹಲ್ಲೆಲ್ಲ ಉದುರಿರೋ ನಮ್ಮಪ್ಪನ್ನ ಊರಲ್ಲಿ ಮೊನ್ನೆ ಹುಟ್ಟಿದ ಮೇಲ್ಕೇರಿ ಹೈಕಳೂ ಇವತ್ತಿಗೂ 'ಬಾರ್ಲಾ, ಹೋಗ್ಲಾ' ಅಂತವೆ ಮೇಡಂ. ಇಲ್ಲಿಗ್ ಬಂದು ನಾನೂ ಏಕವಚನದಲ್ಲೇ ಅನ್ಲಾ?" ನಾನು ಆ 'ಆರ್' ತಿದ್ದುವುದನ್ನು ಬಿಟ್ಟು, "ನಿಮ್ಮ ತಂದೆಯವರು ಏನೇನು ಬೆಳೀತಾರೆ? ಮುಂದಿನ ವಾಕ್ಯ ಹೇಳಿ" ಎಂದೆ.